ಮನಿಲಾದ ಮಗಿನೊಗಳು

ಕೇಳುಗರಿಗೆ ನಮಸ್ಕಾರ. ಫಿಲಿಪ್ಪೀನ್ಸಿನ ತಗಾಲೊಗ್ ಭಾಷೆಯಲ್ಲಿ ಸಂಭಾವಿತ ಗಂಡಸನ್ನು ‘ಮಗಿನೊ’ ಅನ್ನುತ್ತಾರೆ. ಬಸ್ಸಿನಲ್ಲಿ ಹೆಂಗಸರಿಗೆ ಸೀಟು ಬಿಟ್ಟುಕೊಟ್ಟವನೂ ಮಗಿನೊನೇ. ಆದರೆ ಹಿಂದೆ ಈ ಪಟ್ಟ ಹುಟ್ಟಿನಿಂದ ಬರುತ್ತಿತ್ತು; ನಡತೆ ಹೇಗಿದೆ ಅಂತ ಯಾರೂ ಕೇಳುತ್ತಿರಲಿಲ್ಲ.

1571ರಲ್ಲಿ ಸ್ಪೇನಿನ ಲೆಗಾಸ್ಪಿ ಮನಿಲಾಕ್ಕೆ ಬಂದಾಗ ಎದುರಾದ ರಾಜಾ ಸುಲೈಮಾನ್, ಪಕ್ಕದ ತೊಂಡೊ ಊರಿನ ದೊರೆ ಲಕಂದುಲ, ಎಲ್ಲರೂ ಮಗಿನೊ ಮನೆತನದವರೇ. ರಾಜ ಅಂದೊಡನೆ ಅರಮನೆ, ಆನೆ, ಅಂಬಾರಿ ನೆನೆಸಿಕೊಳ್ಳಬೇಡಿ. ಊರಾಳುವ ಮಗಿನೊಗೆ ‘ದಾತು’ ಎಂದು ಹೆಸರು, ಅವನ ಊರಿಗೆ ‘ಬರಂಗಾಯ್’. ಅದರಲ್ಲಿ ಮೂವತ್ತು ಮನೆ, ಹೆಚ್ಚೆಂದರೆ ನೂರು. ನಮ್ಮ ಊರಗೌಡರ ಹಾಗೆ ಅನ್ನಿ.

ದಾತುವಿನ ದೊಡ್ಡಸ್ತಿಕೆ ನಿಂತಿದ್ದದ್ದು ಅವನ ಹಿಂದಿರುವ ಜನರ ಮೇಲೆ. ಯುದ್ಧಕ್ಕೆ ಜೊತೆ ಹೋಗುವ ಮಹರ್ಲಿಕಾಗಳು ಕಪ್ಪ ಕೊಡಬೇಕಿರಲಿಲ್ಲ. ಅವರ ಕೆಳಗಿನ ಅಲಿಪಿನ್‌ಗಳು ದುಡಿಯುವವರು. ಸಾಲ ತೀರಿಸಲಾಗದವನೂ ಅಲಿಪಿನ್ ಆಗುತ್ತಿದ್ದ. ಫ್ರಾನ್ಸಿಸ್ಕನ್ ಪಾದ್ರಿ ಹುವಾನ್ ದೆ ಪ್ಲಾಸೆನ್ಸಿಯಾ 1589ರಲ್ಲಿ ಬರೆದಿಟ್ಟ ಒಂದು ಪದ್ಧತಿ ಕೇಳಿ: ಗಂಡ ಹೆಂಡಿರಲ್ಲಿ ಒಬ್ಬರು ಮಹರ್ಲಿಕಾ, ಇನ್ನೊಬ್ಬರು ಅಲಿಪಿನ್ ಆದರೆ ಮೊದಲ ಮಗು ಅಪ್ಪನ ಪಾಲು, ಎರಡನೆಯದು ಅಮ್ಮನ ಪಾಲು, ಹೀಗೆ ಸರದಿ. ಒಂದೇ ಮಗುವಾದರೆ? ಅದು ಅರ್ಧ ಸ್ವತಂತ್ರ, ಅರ್ಧ ಆಳು! ಲೆಕ್ಕ ಅಷ್ಟು ಕಟ್ಟುನಿಟ್ಟು.

ಸಾಲದಿಂದ ಬಿಡುಗಡೆ ಎಷ್ಟು ದೊಡ್ಡ ಸಂಗತಿಯಾಗಿತ್ತು ಎನ್ನುವುದಕ್ಕೆ ಇನ್ನೂ ಹಳೆಯ ಸಾಕ್ಷಿಯೊಂದಿದೆ. 1989ರಲ್ಲಿ ಲಗುನಾ ಪ್ರಾಂತ್ಯದಲ್ಲಿ ಸಿಕ್ಕ ತಾಮ್ರಪಟ ಈಗ ಮನಿಲಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಶಕ 822, ವೈಶಾಖ ಮಾಸ ಎಂದು ಅದರಲ್ಲಿ ಕೊರೆದಿದೆ, ಅಂದರೆ ಕ್ರಿ.ಶ. 900. ಅದೇ ಕಾಲದಲ್ಲಿ ಇಲ್ಲಿ ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಶಾಸನಗಳೂ ಅದೇ ಶಕವರ್ಷದ ಲೆಕ್ಕ ಹಿಡಿದಿದ್ದವು. ನಮ್ವಾರಾನ್ ಎಂಬವನ ಚಿನ್ನದ ಸಾಲ ಮನ್ನಾ ಆಯಿತು, ಅವನ ಸಂತತಿಯವರನ್ನೂ ಯಾರೂ ಕೇಳಕೂಡದು ಎನ್ನುವುದೇ ಅದರ ಸಾರ.

ಸ್ಪೇನಿನವರು ದಾತುಗಳನ್ನು ಉಳಿಸಿಕೊಂಡರು, ಆದರೆ ಕಪ್ಪ ವಸೂಲಿ ಮಾಡಿ ಸ್ಪೇನಿನ ದೊರೆಗೆ ಒಪ್ಪಿಸುವ ಕೆಲಸಕ್ಕೆ. ಹೆಸರಿನ ಮುಂದೆ ‘ಡಾನ್’ ಹಚ್ಚಿಕೊಂಡು ಅವರೂ ಒಪ್ಪಿದರು. ಹೊಸ ಬಿರುದು ಸಿಕ್ಕವರಿಗೆ ಹಳೆಯದರ ಹಂಗೇಕೆ? ‘ಮಗಿನೊ’ ಪದದ ಮೂಲವಾದ ‘ಗಿನೊ’ ಈಗ ಬರೀ ‘ಶ್ರೀಯುತ’, ಅದೂ ಗಂಡಸರಿಗೆ ಮಾತ್ರ. ಆದರೆ 1593ರಲ್ಲಿ ಮನಿಲಾದಲ್ಲಿ ಅಚ್ಚಾದ ತಗಾಲೊಗ್ ಪ್ರಾರ್ಥನೆ ಮರಿಯಮ್ಮನನ್ನೇ ‘ಗಿನೊ’ ಎಂದು ಕರೆಯಿತು. ಚರ್ಚುಗಳಲ್ಲಿ ಇವತ್ತಿಗೂ ‘ಅಬಾ ಗಿನೊಂಗ್ ಮರಿಯಾ’ ಎಂದೇ ಜಪ ನಡೆಯುತ್ತದೆ.