ಜನರೇಟರ್ ಕರೆಂಟ್ ಮನೆಯೊಳಗೇ ಇರಲಿ

ಎಲ್ಲರಿಗೂ ನಮಸ್ಕಾರ. ಮಳೆ ಹಿಡಿಯುವ ಮೊದಲೇ ಈ ಮಾತು ಆಡಿಬಿಡಬೇಕು ಅಂತ ಬಂದಿದ್ದೇನೆ. ತೀರ್ಥಹಳ್ಳಿ, ಹೊಸನಗರ, ಕೊಪ್ಪ, ಶೃಂಗೇರಿ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಜುಲೈನಲ್ಲಿ ಒಂದು ಮರ ಲೈನ್ ಮೇಲೆ ಬಿತ್ತು ಅಂದರೆ ಎರಡು ಮೂರು ದಿನ ಕತ್ತಲೆ. ಹಾಗಾಗಿ ಈಗ ಸುಮಾರು ಮನೆಗಳಲ್ಲಿ ಸಣ್ಣ ಜನರೇಟರ್ ಇದೆ. ಇರಲಿ, ಬೇಕು. ಆದರೆ ಅದನ್ನು ಮನೆ ವೈರಿಂಗಿಗೆ ಸೇರಿಸುವ ರೀತಿ ನೋಡಿದರೆ ನನಗೆ ನಿಜಕ್ಕೂ ಭಯವಾಗುತ್ತದೆ.

ಎರಡೂ ತುದಿಗೆ ಪಿನ್ ಇರುವ ಒಂದು ವೈರ್. ಒಂದು ತುದಿ ಜನರೇಟರಿಗೆ, ಇನ್ನೊಂದು ಗೋಡೆಯ ಸಾಕೆಟ್ಟಿಗೆ. ಮನೆಯೆಲ್ಲ ಬೆಳಕಾಗುತ್ತದೆ, ನಿಜ. ಆದರೆ ಆ ಕರೆಂಟ್ ಮನೆಯಲ್ಲೇ ನಿಲ್ಲುವುದಿಲ್ಲ, ಮೇನ್ ಆನ್ ಇದ್ದರೆ ಮೀಟರ್ ದಾಟಿ ಕಂಬಕ್ಕೆ ಹೋಗುತ್ತದೆ, ಕಂಬದಿಂದ ಟಿಸಿಗೆ, ಅಂದರೆ ಟ್ರಾನ್ಸ್‌ಫಾರ್ಮರಿಗೆ. ನಮ್ಮೂರಿನ ಟಿಸಿ 11,000 ವೋಲ್ಟನ್ನು ಇಳಿಸಿ ನಮಗೆ 230 ಕೊಡುತ್ತದೆ ಅಲ್ವಾ? ಅದೇ ಟಿಸಿಗೆ ಈ ಕಡೆಯಿಂದ 230 ಕೊಟ್ಟರೆ ಆ ಕಡೆ ಮತ್ತೆ ಸಾವಿರಾರು ವೋಲ್ಟ್ ಆಗುತ್ತದೆ. ಆ ಹೊತ್ತಿಗೆ ಮಳೆಯಲ್ಲಿ ನೆನೆದುಕೊಂಡು, ಕಂಬದ ಮೇಲೆ, ನಮ್ಮ ಮನೆಗೆ ಕರೆಂಟ್ ಬರಲಿ ಅಂತಲೇ ಒಬ್ಬ ಹುಡುಗ ಕೆಲಸ ಮಾಡುತ್ತಿರುತ್ತಾನೆ. ಲೈನ್ ಆಫ್ ಮಾಡಿಯೇ ಹತ್ತಿರುತ್ತಾನೆ.

"ಇಷ್ಟು ಸಣ್ಣ ಜನರೇಟರ್ ಊರಿಗೆಲ್ಲ ಕರೆಂಟ್ ಕೊಡುತ್ತಾ, ಲೋಡ್ ಜಾಸ್ತಿಯಾಗಿ ನಿಂತೇ ಹೋಗುತ್ತೆ ಬಿಡಿ" ಅಂತ ಕೆಲವರು ಹೇಳುತ್ತಾರೆ. ಊರೆಲ್ಲ ಲೈನಿಗೆ ಸೇರಿಕೊಂಡಿದ್ದರೆ ಹಾಗಾಗಬಹುದು. ಆದರೆ ಮರ ಬಿದ್ದು ತಂತಿ ತುಂಡಾಗಿ, ನಿಮ್ಮ ಮನೆ ಮತ್ತು ಎದುರಿನ ಒಂದೆರಡು ಮನೆ ಮಾತ್ರ ಆ ತುಂಡಿನಲ್ಲಿ ಉಳಿದಿದ್ದರೆ? ಜನರೇಟರ್ ಆರಾಮಾಗಿ ಓಡುತ್ತದೆ. ಟಿಸಿವರೆಗೂ ಹೋಗಬೇಕಿಲ್ಲ, ನೆಲಕ್ಕೆ ಬಿದ್ದ ಆ ತಂತಿಯಲ್ಲಿರುವ 230 ವೋಲ್ಟೇ ಸಾಕು, ತೋಟಕ್ಕೆ ಹೋದವರನ್ನು ಕೊಲ್ಲಲು.

"ನಾವು ಮೇನ್ ಆಫ್ ಮಾಡಿಯೇ ಹಾಕುತ್ತೇವೆ" ಅನ್ನುವವರೂ ಇದ್ದಾರೆ. ನಮ್ಮ ಮನೆಯಲ್ಲೂ ಹಾಗೇ ಅನ್ನುತ್ತಿದ್ದೆವು. ಒಂದು ರಾತ್ರಿ ನಾನು ಮೇನ್ ಆಫ್ ಮಾಡಿ, ಜನರೇಟರ್ ಓಡಲು ಬಿಟ್ಟು ಮಲಗಿದ್ದೆ, ಬೆಳಿಗ್ಗೆ ನಮ್ಮ ಅತ್ತಿಗೆ ಕರೆಂಟ್ ಬಂದಿದೆಯಾ ನೋಡೋಣ ಅಂತ ಸುಮ್ನೆ ಮೇನ್ ಎತ್ತಿದರು. ಆಗ ಕರೆಂಟ್ ಬಂದಿರಲಿಲ್ಲ. ಬಂದಿದ್ದರೆ ಎರಡು ಕಡೆಯ ಕರೆಂಟ್ ಡಿಕ್ಕಿ ಹೊಡೆದು ಜನರೇಟರ್ ಸುಟ್ಟೇ ಹೋಗುತ್ತಿತ್ತು. ಬಂದಿರಲಿಲ್ಲ ಅಂದರೆ, ನಾನು ನೋಡುವ ತನಕ ನಮ್ಮ ಕರೆಂಟ್ ಲೈನಿಗೆ ಹೋಗುತ್ತಿತ್ತು ಅಂತ. ಆವತ್ತೇ ಆ ವೈರ್ ಕತ್ತರಿಸಿ ಎಸೆದೆ.

ಬೇಕಾಗಿರುವುದು ಒಂದು ಚೇಂಜ್‌ಓವರ್ ಸ್ವಿಚ್. ಮೀಟರಿನ ನಂತರ, ಮನೆಯ ಡಿಬಿಗಿಂತ (ಎಲ್ಲ ಕೋಣೆಗೂ ಕರೆಂಟ್ ಹಂಚುವ ಬೋರ್ಡ್) ಮೊದಲು ಕೂರಿಸುವುದು. ಹಿಡಿ ಒಂದು ಕಡೆ ತಿರುಗಿಸಿದರೆ ಲೈನ್, ನಡುವೆ ಆಫ್, ಇನ್ನೊಂದು ಕಡೆ ಜನರೇಟರ್. ಎರಡೂ ಒಟ್ಟಿಗೆ ಸೇರಲು ದಾರಿಯೇ ಇಲ್ಲ, ಯಾರು ಮರೆತರೂ. ಸಿಂಗಲ್ ಫೇಸ್ ಮನೆಗೆ ಎರಡು ಪೋಲಿನದು ಕೇಳಿ, ಫೇಸ್ ಜೊತೆ ನ್ಯೂಟ್ರಲ್ ಕೂಡ ಬೇರೆಯಾಗಬೇಕು. ತ್ರೀ ಫೇಸ್ ಇದ್ದರೆ ನಾಲ್ಕು ಪೋಲ್. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನಿಂದಲೇ ಹಾಕಿಸಿ, ಅರ್ಥಿಂಗ್ ಕೂಡ ನೋಡಿಸಿ, ಕರೆಂಟ್ ಕಂಪನಿಯ ಸೆಕ್ಷನ್ ಆಫೀಸಿಗೂ ತಿಳಿಸಿ. ಅಷ್ಟು ಖರ್ಚು ಈಗ ಆಗಲ್ಲ ಅಂದರೆ, ಜನರೇಟರಿನಿಂದ ನೇರವಾಗಿ ಒಂದು ಗಟ್ಟಿ ಎಕ್ಸ್‌ಟೆನ್ಷನ್ ಎಳೆದು ಫ್ರಿಡ್ಜ್, ಎರಡು ದೀಪ, ಮೊಬೈಲ್ ಚಾರ್ಜರ್ ಅದಕ್ಕೇ ಹಾಕಿ. ಗೋಡೆಯ ವೈರಿಂಗ್ ಮುಟ್ಟುವುದೇ ಬೇಡ.

ಲೋಡ್ ವಿಷಯ ಬೇಗ ಹೇಳುತ್ತೇನೆ. 2 ಕೆವಿಎ ಅಂದರೆ ಸಾಮಾನ್ಯವಾಗಿ 1,600 ವ್ಯಾಟ್. ಗೀಸರ್ ಆಗಲ್ಲ. 1 ಎಚ್‌ಪಿ ಪಂಪ್ ಓಡುವಾಗ ಅಷ್ಟೇನೂ ಎಳೆಯದಿದ್ದರೂ ಸ್ಟಾರ್ಟ್ ಆಗುವಾಗ ಅದರ ಐದಾರು ಪಟ್ಟು ಎಳೆಯುತ್ತದೆ.

ಇನ್ನೊಂದು, ಹೊಗೆ. ಮಳೆ ಅಂತ ಜನರೇಟರನ್ನು ಜಗುಲಿಗೋ ಕೊಟ್ಟಿಗೆಗೋ ಎಳೆದು ತರುತ್ತೇವೆ. ಅದರ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಮಲಗಿದವರು ಏಳುವುದೇ ಇಲ್ಲ. ಕಿಟಕಿ ಬಾಗಿಲಿನಿಂದ 20 ಅಡಿಯಾದರೂ ದೂರ, ನಾಲ್ಕೂ ಕಡೆ ಗಾಳಿಯಾಡುವ ಹಾಗೆ ಮೇಲೆ ಮಾತ್ರ ಒಂದು ಶೀಟ್ ಹಾಕಿ. ದನಗಳೂ ಉಸಿರಾಡುತ್ತವೆ, ಕೊಟ್ಟಿಗೆ ಬೇಡ. ಪೆಟ್ರೋಲ್ ಹಾಕುವಾಗ ಆಫ್ ಮಾಡಿ, ತಣ್ಣಗಾಗಲು ಬಿಡಿ.

ಇಲ್ಲಿ ಮೇಜಿನ ಮೇಲೆ ಒಂದು ಚೇಂಜ್‌ಓವರ್ ತಂದಿಟ್ಟಿದ್ದೇನೆ, ಮುಚ್ಚಳ ಬಿಚ್ಚಿದೆ. ಒಬ್ಬೊಬ್ಬರೇ ಬಂದು ತಿರುಗಿಸಿ ನೋಡಿ, ಮುಖ್ಯವಾಗಿ ಹೆಂಗಸರು ಬನ್ನಿ, ಗಂಡಸರು ತೋಟದಲ್ಲಿರುವಾಗ ಮನೆಯಲ್ಲಿ ಇದನ್ನು ತಿರುಗಿಸುವವರು ನೀವೇ.