ಆಲೆಕ್ ಗಿನ್ನೆಸ್: ನಡಿಗೆಯಿಂದ ಪಾತ್ರಕ್ಕೆ

ಸ್ನೇಹಿತರೆ,

1914ರ ಏಪ್ರಿಲ್ 2ರಂದು ಲಂಡನ್ನಿನಲ್ಲಿ ಹುಟ್ಟಿದ ಒಂದು ಗಂಡುಮಗುವಿನ ಜನನ ಪತ್ರದಲ್ಲಿ ತಾಯಿಯ ಹೆಸರು ಆಗ್ನೆಸ್ ಕಫ್ ಎಂದಿದೆ. ತಂದೆಯ ಹೆಸರಿರಬೇಕಾದ ಜಾಗ ಖಾಲಿ. ಮಗುವಿಗಿಟ್ಟ ಹೆಸರು ಆಲೆಕ್ ಗಿನ್ನೆಸ್; ಮುಂದೆ ಇಂಗ್ಲೆಂಡಿನ ಹೆಸರಾಂತ ನಟ. ತನ್ನ ತಂದೆ ಯಾರೆಂಬುದು ಅವರಿಗೆ ಕೊನೆತನಕ ಖಚಿತವಾಗಲಿಲ್ಲ. ಆ ಖಾಲಿ ಜಾಗವನ್ನೇ ಹಿಡಿದುಕೊಂಡು, ಸ್ವಂತ ಮುಖವಿಲ್ಲದ್ದರಿಂದಲೇ ಈತ ಯಾರ ಮುಖವನ್ನಾದರೂ ಹಾಕಿಕೊಳ್ಳಬಲ್ಲವನಾದ ಎಂದು ವಿಶ್ಲೇಷಣೆ ಮಾಡಿದವರು ಬಹಳ ಮಂದಿ. ಆ ವಾದ ನನಗೆ ಅಷ್ಟು ಒಪ್ಪಿಗೆಯಾಗುವುದಿಲ್ಲ. ಅಪ್ಪನ ಹೆಸರು ಗೊತ್ತಿಲ್ಲದವರೆಲ್ಲ ನಟರಾಗುವುದಿಲ್ಲವಲ್ಲ! ಗಿನ್ನೆಸ್ ಪಾತ್ರದೊಳಗೆ ಮರೆಯಾಗುತ್ತಿದ್ದದ್ದು ಕಸುಬಿನ ಬಲದಿಂದ. ಕಸುಬನ್ನಾದರೆ ಬಿಡಿಬಿಡಿಯಾಗಿ ಬಿಚ್ಚಿ ನೋಡಬಹುದು. ಇವತ್ತು ಅದನ್ನೇ ಮಾಡೋಣ.

ಶಾಲೆ ಮುಗಿಸಿದ ಮೇಲೆ ಅವರು ಸೇರಿದ್ದು ಒಂದು ಜಾಹೀರಾತು ಕಂಪನಿಗೆ, ಜಾಹೀರಾತಿನ ಒಕ್ಕಣೆ ಬರೆಯುವ ಕೆಲಸಕ್ಕೆ. ನಟನಾಗಬೇಕೆಂಬ ಹಂಬಲದಿಂದ ಆ ಕಾಲದ ದೊಡ್ಡ ನಟ ಜಾನ್ ಗೀಲ್‌ಗುಡ್ ಅವರನ್ನು ಫೋನಿನಲ್ಲಿ ಸಂಪರ್ಕಿಸಿ ಸಲಹೆ ಕೇಳಿದರು. ಗೀಲ್‌ಗುಡ್ ಈ ಹುಡುಗನನ್ನು ನಟಿ ಮಾರ್ಟಿಟಾ ಹಂಟ್ ಬಳಿಗೆ ಪಾಠಕ್ಕೆ ಕಳಿಸಿದರು. ಸ್ವಲ್ಪ ದಿನ ಕಲಿಸಿದ ಹಂಟ್, ನಿನ್ನಿಂದ ಇದು ಆಗದು ಎಂದು ಹೇಳಿ ಉಳಿದ ಶುಲ್ಕ ವಾಪಸು ಕೊಟ್ಟರಂತೆ. 1946ರಲ್ಲಿ ಡೇವಿಡ್ ಲೀನ್ ತೆಗೆದ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಚಿತ್ರದಲ್ಲಿ ಇದೇ ಹಂಟ್ ಮಿಸ್ ಹ್ಯಾವಿಶಾಮ್, ಇದೇ ಶಿಷ್ಯ ಹರ್ಬರ್ಟ್ ಪಾಕೆಟ್. ಆಮೇಲೆ ಫೇ ಕಾಂಪ್ಟನ್ ನಾಟಕ ಶಾಲೆಯಲ್ಲಿ ವಿದ್ಯಾರ್ಥಿವೇತನ ಸಿಕ್ಕಿತು. 1934ರಲ್ಲಿ ಗೀಲ್‌ಗುಡ್ ತಮ್ಮ ‘ಹ್ಯಾಮ್ಲೆಟ್’ನಲ್ಲಿ ಆಸ್ರಿಕ್ ಎಂಬ ಸಣ್ಣ ಪಾತ್ರ ಕೊಟ್ಟರು.

ಮುಂದಿನ ನಾಲ್ಕೈದು ವರ್ಷ ಲಂಡನ್ನಿನ ಓಲ್ಡ್ ವಿಕ್ ರಂಗಮಂದಿರದ ತಂಡ ಮತ್ತು ಗೀಲ್‌ಗುಡ್ ತಂಡಗಳಲ್ಲಿ ದುಡಿತ. ನಟ ಲಾರೆನ್ಸ್ ಒಲಿವಿಯೆ ಹ್ಯಾಮ್ಲೆಟ್ ಆಗಿದ್ದಾಗ ಇವರು ಬದಲಿ ನಟ. 1938ರಲ್ಲಿ, 24ನೇ ವಯಸ್ಸಿಗೆ, ಟೈರೋನ್ ಗತ್ರಿ ನಿರ್ದೇಶನದಲ್ಲಿ ತಾವೇ ಹ್ಯಾಮ್ಲೆಟ್ ಆದರು. ನಾಟಕದ ಒಂದು ಸಾಲನ್ನೂ ಕತ್ತರಿಸದ, ಆಧುನಿಕ ಉಡುಪಿನ ಪ್ರಯೋಗ ಅದು. ಒಫೀಲಿಯಾಳ ಅಂತ್ಯಕ್ರಿಯೆಗೆ ಬಂದವರು ಕೊಡೆ ಹಿಡಿದು ನಿಂತಿದ್ದರು. ಅದೇ ವರ್ಷ ಮೆರುಲಾ ಸಲಮನ್ ಜೊತೆ ಮದುವೆ. ಯುದ್ಧ ಬಂದಾಗ ನೌಕಾಪಡೆಗೆ ಸಾಮಾನ್ಯ ನಾವಿಕನಾಗಿ ಸೇರಿ, ಅಧಿಕಾರಿಯಾಗಿ ಬಡ್ತಿ ಪಡೆದು, 1943ರ ಜುಲೈನಲ್ಲಿ ಸಿಸಿಲಿಯ ದಂಡೆಗೆ ಸೈನಿಕರನ್ನು ಇಳಿಸುವ ದೋಣಿಯೊಂದರ ನಾಯಕತ್ವ ವಹಿಸಿದರು.

ಇನ್ನು ಕಸುಬು. ಗಿನ್ನೆಸ್ ಪಾತ್ರವನ್ನು ಹಿಡಿಯುತ್ತಿದ್ದದ್ದು ಕಾಲಿನಿಂದ. ಈ ಮನುಷ್ಯ ಹೇಗೆ ನಡೆಯುತ್ತಾನೆ ಎಂಬುದು ಸಿಗುವವರೆಗೆ ಅವರಿಗೆ ಮಾತು ದಕ್ಕುತ್ತಿರಲಿಲ್ಲ. ಬೀದಿಯಲ್ಲಿ ಹೋಗುವ ಅಪರಿಚಿತರ ಹಿಂದೆ ಸಾಗಿ ಅವರ ಹೆಜ್ಜೆಯನ್ನು ಗಮನಿಸುವ ಅಭ್ಯಾಸ ಅವರಿಗಿತ್ತು. ಇದು ಹುಚ್ಚಾಟವಲ್ಲ. ಮೈಯ ಭಾರ ಹಿಮ್ಮಡಿಯ ಮೇಲಿದೆಯೋ ಮುಂಗಾಲಿನ ಮೇಲಿದೆಯೋ ಎಂಬುದು ತೀರ್ಮಾನವಾದರೆ ಬೆನ್ನು ತಾನಾಗಿ ಒಂದು ಆಕಾರಕ್ಕೆ ಬರುತ್ತದೆ, ಬೆನ್ನಿನ ಹಿಂದೆ ಕತ್ತು, ಕತ್ತಿನ ಹಿಂದೆ ಉಸಿರು. ಉಸಿರು ಬದಲಾದ ಮೇಲೆ ದನಿಯನ್ನು ಪ್ರತ್ಯೇಕವಾಗಿ ‘ಮಾಡಬೇಕಾಗಿಲ್ಲ’. ದನಿಯಿಂದ ಶುರು ಮಾಡುವ ನಟನಿಗೆ ಆಗುವ ತೊಂದರೆ ನಿಮಗೆ ಗೊತ್ತೇ ಇದೆ: ಮೊದಲ ಅಂಕದಲ್ಲಿ ಮುದುಕ, ಮೂರನೆಯದರಲ್ಲಿ ದಣಿವಾದಾಗ ಮತ್ತೆ ಯುವಕ.

ಇದಕ್ಕೆ ಒಳ್ಳೆಯ ಉದಾಹರಣೆ 1957ರ ‘ದ ಬ್ರಿಡ್ಜ್ ಆನ್ ದ ರಿವರ್ ಕ್ವಾಯ್’. ಸಿಲೋನಿನಲ್ಲಿ ಚಿತ್ರೀಕರಣವಾಯಿತು. ಎರಡನೇ ಮಹಾಯುದ್ಧದಲ್ಲಿ ಜಪಾನೀಯರ ಸೆರೆ ಸಿಕ್ಕ ಬ್ರಿಟಿಷ್ ಕರ್ನಲ್ ನಿಕಲ್ಸನ್ ಇಲ್ಲಿ ಗಿನ್ನೆಸ್ ಪಾತ್ರ. ನಿಕಲ್ಸನ್ ಅವರನ್ನು ಬಿಸಿಲಿಗೆ ಕಾದ ತಗಡಿನ ಗೂಡಿನಲ್ಲಿ ದಿನಗಟ್ಟಲೆ ಕೂಡಿಹಾಕಿ, ಕೊನೆಗೆ ಜಪಾನಿ ಅಧಿಕಾರಿಯ ಮುಂದೆ ಹಾಜರುಪಡಿಸಲು ಹೊರಕ್ಕೆ ತರುತ್ತಾರೆ. ಅಲ್ಲಿಂದ ಅಧಿಕಾರಿಯ ಕೋಣೆಯವರೆಗೆ ಒಂದು ನಡಿಗೆ. ಮಾತಿಲ್ಲ. ಸೊಂಟದ ಮೇಲಿನ ಭಾಗ ಸೈನಿಕನದು, ಕೆಳಗಿನ ಭಾಗ ಸತ್ತೇಹೋಗಿದೆ. ಗಿನ್ನೆಸ್ ಅವರ ಮಗ ಮ್ಯಾಥ್ಯೂಗೆ ಬಾಲ್ಯದಲ್ಲಿ ಪೋಲಿಯೊ ತಗುಲಿ ಕಾಲುಗಳು ಸ್ವಾಧೀನ ತಪ್ಪಿದ್ದವು; ಹುಡುಗ ಚೇತರಿಸಿಕೊಂಡು ಮತ್ತೆ ನಡೆಯಲು ಕಲಿಯುವಾಗ ಹೆಜ್ಜೆಯಿಟ್ಟ ಬಗೆಯೇ ಈ ನಡಿಗೆಗೆ ಮೂಲ. ಕರುಣೆ ಹುಟ್ಟಿಸಲೆಂದು ಅವರು ಮುಖದಲ್ಲಿ ಏನನ್ನೂ ಮಾಡುವುದಿಲ್ಲ, ಗಮನಿಸಿ. ಮುಖ ಮಾಡುವುದೆಲ್ಲ ಕಾಲು ಮಾಡುವುದನ್ನು ಮುಚ್ಚಿಡುವ ಕೆಲಸ. ಈ ಪಾತ್ರದ ವಿಷಯದಲ್ಲಿ ಲೀನ್‌ಗೂ ಅವರಿಗೂ ಜಗಳವೇ ಜಗಳ: ಗಿನ್ನೆಸ್‌ಗೆ ನಿಕಲ್ಸನ್‌ನಲ್ಲಿ ಸ್ವಲ್ಪ ಹಾಸ್ಯ, ಸ್ವಲ್ಪ ಮಾನವೀಯತೆ ಬೇಕಿತ್ತು, ಲೀನ್‌ಗೆ ಆತ ಬೇಸರ ಹುಟ್ಟಿಸುವ ಹಟಮಾರಿಯಾಗಿಯೇ ಇರಬೇಕಿತ್ತು. ಒಳಗೊಳಗೇ ನಡೆದ ಆ ಎಳೆದಾಟವೇ ಪಾತ್ರಕ್ಕೆ ಉಪಕಾರ ಮಾಡಿತು ಎಂದು ನನ್ನ ಎಣಿಕೆ. ಶ್ರೇಷ್ಠ ನಟನೆಂಬ ಆಸ್ಕರ್ ಬಂತು. 1959ರಲ್ಲಿ ಸರ್ ಪದವಿಯೂ ಬಂತು.

ಇನ್ನು ಅವರೊಬ್ಬರೇ ಎಂಟು ಪಾತ್ರ ಮಾಡಿದ ಚಿತ್ರಕ್ಕೆ ಬರೋಣ. ಈಲಿಂಗ್ ಸ್ಟುಡಿಯೊದ ‘ಕೈಂಡ್ ಹಾರ್ಟ್ಸ್ ಆ್ಯಂಡ್ ಕಾರೊನೆಟ್ಸ್’, 1949, ನಿರ್ದೇಶಕ ರಾಬರ್ಟ್ ಹೇಮರ್. ಡ್ಯೂಕ್ ಪದವಿಗಾಗಿ ಒಬ್ಬ ದೂರದ ಸಂಬಂಧಿ ಒಂದು ಶ್ರೀಮಂತ ಮನೆತನದವರನ್ನು ಒಬ್ಬೊಬ್ಬರನ್ನಾಗಿ ಮುಗಿಸುತ್ತಾನೆ. ಆ ಮನೆತನದ ಪಾದ್ರಿ, ಬ್ಯಾಂಕರು, ಜನರಲ್, ಅಡ್ಮಿರಲ್, ಡ್ಯೂಕ್, ಇಬ್ಬರು ಯುವಕರು, ಮಹಿಳಾ ಮತದಾನಕ್ಕಾಗಿ ಹೋರಾಡುವ ಲೇಡಿ ಅಗಾಥಾ, ಎಲ್ಲರೂ ಗಿನ್ನೆಸ್. ಮೊದಲು ಅವರಿಗೆ ಬಂದ ಕರೆ ನಾಲ್ಕು ಪಾತ್ರಗಳಿಗೆ. ನಾಲ್ಕೇ ಏಕೆ, ಎಂಟೂ ಇರಲಿ ಎಂದವರು ಅವರೇ.

ಇಗರ್ಜಿಯ ಒಂದು ದೃಶ್ಯದಲ್ಲಿ ಆರು ಜನ ಒಟ್ಟಿಗೆ ಕಾಣುತ್ತಾರೆ. ಆಗ ಕಂಪ್ಯೂಟರ್ ಇಲ್ಲ. ಛಾಯಾಗ್ರಾಹಕ ಡಗ್ಲಸ್ ಸ್ಲೋಕೂಂಬ್ ಎಲ್ಲವನ್ನೂ ಕ್ಯಾಮೆರಾದೊಳಗೇ ಮಾಡಿದರು. ಕ್ಯಾಮೆರಾವನ್ನು ಅಲುಗಾಡದಂತೆ ಬಿಗಿದು ಕೂರಿಸಬೇಕು. ಲೆನ್ಸಿನ ಮುಂದಿನ ಚೌಕಟ್ಟಿನಲ್ಲಿ, ಒಬ್ಬ ಪಾತ್ರಧಾರಿ ಕೂರುವ ಜಾಗವಷ್ಟನ್ನು ಬಿಟ್ಟು ಉಳಿದದ್ದನ್ನೆಲ್ಲ ಕಪ್ಪು ಮರೆಯಿಂದ ಮುಚ್ಚಬೇಕು. ಆ ಪಾತ್ರದ ಶಾಟ್ ಮುಗಿದ ಮೇಲೆ ಫಿಲ್ಮನ್ನು ಫ್ರೇಮ್ ಎಣಿಸಿಕೊಂಡು ಹಿಂದಕ್ಕೆ ಸುತ್ತಬೇಕು. ಗಿನ್ನೆಸ್ ಹೋಗಿ ವೇಷ ಬದಲಿಸಿ ಬರುತ್ತಾರೆ, ಮುಂದಿನ ಕಿಂಡಿ ತೆರೆಯುತ್ತದೆ, ಅದೇ ಫಿಲ್ಮಿನ ಮೇಲೆ ಇನ್ನೊಂದು ಸಲ. ಹೀಗೆ ಆರು ಸಲ. ಒಂದು ಮರೆ ಇನ್ನೊಂದರ ಮೇಲೆ ಕೂದಲೆಳೆಯಷ್ಟು ಹತ್ತಿದರೆ ಅಲ್ಲಿ ಎರಡು ಚಿತ್ರ ಒಂದರ ಮೇಲೊಂದು ಬಿದ್ದು ಮಸುಕಾಗುತ್ತದೆ. ಸ್ವಲ್ಪ ಜಾಗ ಬಿಟ್ಟರೆ ಕಪ್ಪು ಗೆರೆ. ನೆಲ ನಡುಗಿ ಕ್ಯಾಮೆರಾ ಕದಲಿದರೆ ಇಗರ್ಜಿಯ ಕಂಬವೇ ಮುರಿದಂತೆ ಕಾಣುತ್ತದೆ. ಆರೂ ಮುಗಿದು ಫಿಲ್ಮ್ ತೊಳೆಯುವ ತನಕ ತಪ್ಪು ಗೊತ್ತಾಗುವ ದಾರಿಯಿಲ್ಲ. ಕೆಲಸ ಒಂದು ದಿನಕ್ಕೆ ಮುಗಿಯಲಿಲ್ಲ, ಯಾರೂ ಕ್ಯಾಮೆರಾ ಮುಟ್ಟದಿರಲೆಂದು ಸ್ಲೋಕೂಂಬ್ ರಾತ್ರಿ ಅದರ ಪಕ್ಕದಲ್ಲೇ ಮಲಗಿದರು.

ಆದರೆ ಈ ಚಮತ್ಕಾರಕ್ಕಿಂತ ದೊಡ್ಡದು ನಟನೆಯದೇ ಲೆಕ್ಕ. ಎಂಟೂ ಮುಖಗಳನ್ನು ದಟ್ಟ ಮೇಕಪ್ಪಿನಲ್ಲಿ ಮುಳುಗಿಸಿದ್ದರೆ ಅವರು ಒಂದೇ ಮನೆತನದವರು ಎಂಬ ತಮಾಷೆಯೇ ಹೊರಟುಹೋಗುತ್ತಿತ್ತು. ಮೀಸೆ, ಕೂದಲು, ಬಟ್ಟೆ ಬದಲಾಗುತ್ತವೆ, ಮೂಲ ಮುಖ ಹಿಂದೆ ಕಾಣುತ್ತಲೇ ಇರುತ್ತದೆ. ವ್ಯತ್ಯಾಸವಿರುವುದು ಲಯದಲ್ಲಿ. ಪಾದ್ರಿಗೆ ಕೊನೆಯೇ ಇಲ್ಲದ ಗೊಣಗು, ಜನರಲ್‌ಗೆ ನೂರು ಸಲ ಹೇಳಿ ಸವೆದ ಯುದ್ಧದ ಕಥೆ. ಅಡ್ಮಿರಲ್‌ಗಂತೂ ಮುಳುಗುತ್ತಿರುವ ಹಡಗಿನ ಮೇಲೆ ಸೆಲ್ಯೂಟ್ ಹೊಡೆದು ನೆಟ್ಟಗೆ ನಿಲ್ಲುವುದಷ್ಟೇ ಕೆಲಸ. ಆ ಶಾಟಿನಲ್ಲಿ ನೀರು ತಲೆ ಮೇಲೆ ಏರಿದರೂ ಮೈ ತೇಲಬಾರದೆಂದು ಕಾಲನ್ನು ತಂತಿಯಿಂದ ಕೆಳಕ್ಕೆ ಬಿಗಿದಿದ್ದರು. ಶಾಟ್ ಚೆನ್ನಾಗಿ ಬಂತೆಂಬ ಸಂಭ್ರಮದಲ್ಲಿ, ಕೆಳಗೆ ಒಬ್ಬ ನಟ ಕಟ್ಟಿಹಾಕಿಸಿಕೊಂಡು ನಿಂತಿದ್ದಾನೆ ಎಂಬುದೇ ತಂಡಕ್ಕೆ ಮರೆತುಹೋಯಿತು. ಉಸಿರು ಹಿಡಿಯುವ ಅಭ್ಯಾಸವಿದ್ದದ್ದರಿಂದ ಬದುಕಿಕೊಂಡರು.

ದಟ್ಟ ಮೇಕಪ್ಪನ್ನೂ ಅವರು ಬಳಸಿದ್ದುಂಟು, ಅದರ ಬೆಲೆಯನ್ನೂ ತೆತ್ತರು. ಡಿಕನ್ಸ್ ಕಾದಂಬರಿಯಿಂದ ಲೀನ್ ತೆಗೆದ 1948ರ ‘ಆಲಿವರ್ ಟ್ವಿಸ್ಟ್’ನಲ್ಲಿ, ಕಳ್ಳ ಹುಡುಗರ ಗುಂಪನ್ನು ಸಾಕುವ ಯಹೂದಿ ಮುದುಕ ಫೇಗಿನ್ ಪಾತ್ರ ತನಗೆ ಬೇಕೆಂದಾಗ ಲೀನ್ ಒಪ್ಪಲಿಲ್ಲ, ಹರ್ಬರ್ಟ್ ಪಾಕೆಟ್‌ನ ಎಳೆ ಮುಖ ಅವರ ಕಣ್ಣಲ್ಲಿತ್ತು. ಪರೀಕ್ಷೆಗೆ ವೇಷ ಹಾಕಿಕೊಂಡು ಬಂದಾಗ ಮಾತಿಲ್ಲದೆ ಕೊಟ್ಟರು. ಪ್ರಸಾಧನಕಾರ ಸ್ಟುವರ್ಟ್ ಫ್ರೀಬಾರ್ನ್ ಆಧಾರವಾಗಿ ಇಟ್ಟುಕೊಂಡದ್ದು ಕಾದಂಬರಿಯ ಮೊದಲ ಮುದ್ರಣಕ್ಕೆ ಕ್ರುಕ್‌ಶ್ಯಾಂಕ್ ಬರೆದ ಚಿತ್ರಗಳನ್ನು. ಆ ಚಿತ್ರಗಳ ಉದ್ದನೆಯ ಕೊಕ್ಕೆ ಮೂಗೂ ಜೊತೆಗೆ ಬಂತು. ಯಹೂದಿಗಳ ಹತ್ಯಾಕಾಂಡ ಮುಗಿದು ಮೂರೇ ವರ್ಷ. 1949ರಲ್ಲಿ ಬರ್ಲಿನ್ನಿನಲ್ಲಿ ಚಿತ್ರದ ವಿರುದ್ಧ ಗಲಭೆಯಾಯಿತು. ಅಮೆರಿಕದಲ್ಲಿ ಬಿಡುಗಡೆ 1951ರವರೆಗೆ ತಡೆದು, ಫೇಗಿನ್ ಕಾಣುವ ಭಾಗಗಳನ್ನು ಕತ್ತರಿಸಿ ತೋರಿಸಿದರು. ನಟನೆ ಚೆನ್ನಾಗಿದ್ದಷ್ಟೂ ಈ ಮೂಗು ಹೆಚ್ಚು ಗಾಯ ಮಾಡುತ್ತದೆ.

ಇನ್ನೊಂದು ಬಗೆಯ ಸೋಲು 1951ರ ‘ಹ್ಯಾಮ್ಲೆಟ್’. ಫ್ರಾಂಕ್ ಹೌಸರ್ ಜೊತೆ ಸೇರಿ ತಾವೇ ನಿರ್ದೇಶಿಸಿ, ತಾವೇ ನಾಯಕ. ಮೊದಲ ರಾತ್ರಿ ಬೆಳಕಿನ ವ್ಯವಸ್ಥೆ ಕೈಕೊಟ್ಟು, ಕತ್ತಲಿರಬೇಕಾದಲ್ಲಿ ಬೆಳಕು, ಬೆಳಕಿರಬೇಕಾದಲ್ಲಿ ಕತ್ತಲಾಯಿತು. ವಿಮರ್ಶಕರು ಸುಮ್ಮನಿರಲಿಲ್ಲ. ಬೆಳಕನ್ನಷ್ಟೇ ದೂರಿದರೆ ಸಾಲದು. ತನ್ನನ್ನು ಅಡಗಿಸಿಕೊಳ್ಳುವುದೇ ಬಲವಾದ ನಟನಿಗೆ, ರಂಗದ ಮಧ್ಯೆ ಒಬ್ಬನೇ ನಿಂತು ಒಳಗಿರುವುದನ್ನೆಲ್ಲ ಸಭೆಗೆ ತೆರೆದಿಡುವ ಪಾತ್ರ ಒಗ್ಗುವುದು ಕಷ್ಟ. ಮುಖವಾಡವಿದ್ದಲ್ಲಿ ಅವರು ಮತ್ತೆ ಗೆದ್ದರು: 1953ರಲ್ಲಿ ಕೆನಡಾದ ಸ್ಟ್ರಾಟ್‌ಫರ್ಡ್‌ನಲ್ಲಿ ದೊಡ್ಡ ಡೇರೆಯೊಳಗೆ ಶುರುವಾದ ಶೇಕ್ಸ್‌ಪಿಯರ್ ಉತ್ಸವದ ಮೊದಲ ನಾಟಕಕ್ಕೆ ಮೂರನೇ ರಿಚರ್ಡ್ ಆದರು. 1964ರಲ್ಲಿ ನ್ಯೂಯಾರ್ಕಿನಲ್ಲಿ ಕವಿ ಡಿಲನ್ ಥಾಮಸ್ ಪಾತ್ರಕ್ಕೆ ಟೋನಿ ಪ್ರಶಸ್ತಿ ಪಡೆದರು.

ಅವರು ಮರುಭೂಮಿಯಲ್ಲಿ ಒಂಟಿಯಾಗಿ ಬಾಳುವ ಮುದುಕ ಓಬಿ-ವಾನ್ ಕೆನೋಬಿಯಾದ ಬಾಹ್ಯಾಕಾಶ ಸಾಹಸದ ಚಿತ್ರ ‘ಸ್ಟಾರ್ ವಾರ್ಸ್’ ಬಗ್ಗೆ ಎಲ್ಲರೂ ಕೇಳುವುದರಿಂದ ಎರಡು ಮಾತು. ಸಂಭಾಷಣೆ ಅವರಿಗೆ ಹಿಡಿಸಿರಲಿಲ್ಲ, ರಾಯಲ್ಟಿಯಲ್ಲಿ ಸಿಕ್ಕ ಪಾಲು ಅವರನ್ನು ಶ್ರೀಮಂತರನ್ನಾಗಿ ಮಾಡಿತು. ಅದಕ್ಕಿಂತ ನಮಗೆ ಉಪಯೋಗದ ಸಂಗತಿ: ಟ್ಯುನೀಷಿಯಾದಲ್ಲಿ ಚಿತ್ರೀಕರಣಕ್ಕೆ ಮೊದಲು ಹೊಚ್ಚ ಹೊಸ ನಿಲುವಂಗಿ ಹಾಕಿಕೊಂಡು ಮರಳಿನಲ್ಲಿ ಬಿದ್ದು ಹೊರಳಾಡಿ ಎದ್ದರು. ಮರುಭೂಮಿಯಲ್ಲಿ ವರ್ಷಗಟ್ಟಲೆ ಇದ್ದವನ ಬಟ್ಟೆಗೆ ಇಸ್ತ್ರಿಯ ಗೆರೆ ಎಲ್ಲಿಂದ ಬರಬೇಕು?

1979ರ ಬಿಬಿಸಿ ಧಾರಾವಾಹಿ ‘ಟಿಂಕರ್ ಟೈಲರ್ ಸೋಲ್ಜರ್ ಸ್ಪೈ’, ಏಳು ಕಂತು, ಅವರ ಕಸುಬಿನ ತುದಿ ಎಂದು ನಾನು ಹೇಳುತ್ತೇನೆ. ಅದರಲ್ಲಿ ಅವರು ಗೂಢಚಾರ ಜಾರ್ಜ್ ಸ್ಮೈಲಿ. ಪಾತ್ರದ ತಯಾರಿಗೆಂದು ಮೂಲ ಕಾದಂಬರಿಕಾರ ಜಾನ್ ಲ ಕಾರೆ ಗಿನ್ನೆಸ್ ಅವರನ್ನು ಬ್ರಿಟಿಷ್ ಗುಪ್ತಚರ ಸಂಸ್ಥೆಯ ನಿವೃತ್ತ ಮುಖ್ಯಸ್ಥ ಮಾರಿಸ್ ಓಲ್ಡ್‌ಫೀಲ್ಡ್ ಜೊತೆ ಊಟಕ್ಕೆ ಕೂರಿಸಿದರು. ಗಿನ್ನೆಸ್ ರಹಸ್ಯಗಳನ್ನು ಕೇಳಲಿಲ್ಲ. ಅವರ ಕಣ್ಣು ಆ ಮನುಷ್ಯನ ಕಫ್‌ಲಿಂಕ್, ಶೂ, ಕೊಡೆ ಇವುಗಳ ಮೇಲಿತ್ತು. ಪರದೆಯ ಮೇಲೆ ಸ್ಮೈಲಿ ಮಾಡುವುದು ಬಹುಪಾಲು ಕೇಳಿಸಿಕೊಳ್ಳುವುದು. ಎದುರಿನವನು ಸುಳ್ಳು ಹೇಳುವಾಗ ಆತನ ಕಣ್ಣು ಕನ್ನಡಕದ ಹಿಂದೆ ಅಲುಗದೆ ನಿಲ್ಲುತ್ತದೆ, ರೆಪ್ಪೆ ಬಡಿಯುವುದು ತಡವಾಗುತ್ತದೆ. ಉತ್ತರ ಬರುವ ಮೊದಲಿನ ಬಿಡುವನ್ನು ಅಳೆದು ನೋಡಿ, ಪ್ರತಿ ಸಲವೂ ಬೇರೆ.

ಕೊನೆಗೆ ನಮ್ಮ ನೆಲಕ್ಕೆ ಬಂದ ಪಾತ್ರ. 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ದ ಬಹಳಷ್ಟು ಭಾಗವನ್ನು ಲೀನ್ ಬೆಂಗಳೂರಿನಲ್ಲೂ ಸುತ್ತಮುತ್ತಲೂ ತೆಗೆದರು. ಅರಮನೆ ಮೈದಾನದಲ್ಲಿ ಕಥೆಯ ಊರಾದ ಚಂದ್ರಾಪುರದ ಬಜಾರಿನ ಸೆಟ್ ಎದ್ದಿತು, ಸಾವನದುರ್ಗದ ಬಂಡೆ ಕಥೆಯ ಮರಾಬಾರ್ ಬೆಟ್ಟವಾಯಿತು. ಇದು ಲೀನ್ ಜೊತೆ ಗಿನ್ನೆಸ್ ಮಾಡಿದ ಆರನೆಯ ಚಿತ್ರ, ಲೀನ್ ಅವರ ಕೊನೆಯ ಚಿತ್ರವೂ ಹೌದು. ವಿಕ್ಟರ್ ಬ್ಯಾನರ್ಜಿ, ರೋಶನ್ ಸೇಠ್, ಸಯೀದ್ ಜಾಫ್ರಿ ಮುಂತಾದವರು ಇದ್ದ ಚಿತ್ರದಲ್ಲಿ ಪ್ರೊಫೆಸರ್ ಗೋಡಬೋಲೆ ಎಂಬ ಬ್ರಾಹ್ಮಣನ ಪಾತ್ರಕ್ಕೆ ಎಪ್ಪತ್ತರ ಹತ್ತಿರದ ಇಂಗ್ಲಿಷ್ ನಟ ಕಂದು ಬಣ್ಣ ಬಳಿದುಕೊಂಡು ನಿಂತರು. ಗೋಡಬೋಲೆ ಕುಣಿಯುವ ದೃಶ್ಯವನ್ನು ಅಭ್ಯಾಸ ಮಾಡಿ ಚಿತ್ರೀಕರಿಸಿದ್ದಾಗಿತ್ತು, ಲೀನ್ ಸಂಕಲನದಲ್ಲಿ ಅದನ್ನು ತೆಗೆದುಹಾಕಿದರು. ಗಿನ್ನೆಸ್‌ಗೆ ತುಂಬ ನೋವಾಯಿತು. ಉಳಿದಿರುವುದನ್ನು ನೋಡಿದರೆ ಎಡವಿದ್ದೆಲ್ಲಿ ಎಂದು ತಿಳಿಯುತ್ತದೆ. ಪೇಟ, ಬಣ್ಣ, ಜೋಡಿಸಿದ ಕೈ ಎಲ್ಲ ಇವೆ, ಕಾಲು ಮಾತ್ರ ಇಂಗ್ಲೆಂಡಿನದು. ಬೀದಿಯಲ್ಲಿ ಹಿಂಬಾಲಿಸಿ ಕಲಿತ ನಡಿಗೆ ಅಲ್ಲಿಲ್ಲ. ಪೂರ್ವದೇಶದ ಜ್ಞಾನಿ ಹೇಗಿರಬೇಕೆಂಬ ಕಲ್ಪನೆಯಿಂದ ಬಂದ ಒಂದು ತೇಲಾಟವಿದೆ. ಅದೇ ಚಿತ್ರದಲ್ಲಿ ಯಾವ ವೇಷವೂ ಇಲ್ಲದೆ ಮಿಸೆಸ್ ಮೂರ್ ಆದ ಪೆಗ್ಗಿ ಆ್ಯಶ್‌ಕ್ರಾಫ್ಟ್‌ಗೆ ಆಸ್ಕರ್ ಬಂತು.

1989ರಲ್ಲಿ ಲಂಡನ್ನಿನಲ್ಲಿ ‘ಎ ವಾಕ್ ಇನ್ ದ ವುಡ್ಸ್’ ನಾಟಕದೊಂದಿಗೆ ರಂಗದಿಂದ ಇಳಿದರು. 2000ದ ಆಗಸ್ಟ್ 5ರಂದು ತೀರಿಕೊಂಡರು.

ವಿದ್ಯಾರ್ಥಿಗಳು ನೋಡುವುದಾದರೆ ‘ಸ್ಟಾರ್ ವಾರ್ಸ್’ನಿಂದ ಶುರು ಮಾಡಬೇಡಿ. ಮೊದಲು ‘ಕ್ವಾಯ್’ನ ಆ ನಡಿಗೆಯನ್ನು ದನಿ ಮುಚ್ಚಿ ನೋಡಿ. ಆಮೇಲೆ ಸ್ಮೈಲಿಯ ಮೊದಲ ಕಂತಿನ ಯಾವುದಾದರೂ ಸಂಭಾಷಣೆಯನ್ನು, ಮಾತಾಡುವವನನ್ನು ಬಿಟ್ಟು ಕೇಳಿಸಿಕೊಳ್ಳುವವನನ್ನಷ್ಟೇ ಗಮನಿಸುತ್ತ ನೋಡಿ. ಗೋಡಬೋಲೆಯನ್ನು ಕೊನೆಗೆ ಇಟ್ಟುಕೊಳ್ಳಿ, ಪಾದಗಳು ಕಾಣುವ ಶಾಟುಗಳನ್ನು ಬಿಡಬೇಡಿ. ಈಗ ಪ್ರಶ್ನೆಗಳಿದ್ದರೆ ಕೇಳಬಹುದು.