ಮೆಡ್ಲೋ ಬಾತ್‌ನ ಗುಮ್ಮಟ: ಒಂದು ಹೋಟೆಲು, ಒಂದು ನೃತ್ಯಶಾಲೆ

ಸಭಿಕರಿಗೆ ನಮಸ್ಕಾರ.

ಸಿಡ್ನಿಯಿಂದ ಪಶ್ಚಿಮಕ್ಕೆ ಸುಮಾರು 115 ಕಿಲೋಮೀಟರ್ ದೂರದಲ್ಲಿ, ಬ್ಲೂ ಮೌಂಟನ್ಸ್ ಬೆಟ್ಟಸಾಲಿನ ಮೇಲೆ ಮೆಡ್ಲೋ ಬಾತ್ ಎಂಬ ಪುಟ್ಟ ಊರಿದೆ. ರೈಲು ನಿಲ್ದಾಣ, ಹೆದ್ದಾರಿ, ಒಂದಷ್ಟು ಮನೆಗಳು ಬಿಟ್ಟರೆ ಅಲ್ಲಿರುವುದು ಮೆಗಲಾಂಗ್ ಕಣಿವೆಯ ಅಂಚಿಗೆ ಒರಗಿದಂತೆ ಉದ್ದಕ್ಕೆ ಹಬ್ಬಿರುವ ಹೈಡ್ರೋ ಮೆಜೆಸ್ಟಿಕ್ ಹೋಟೆಲು. ಅದರ ಗುಮ್ಮಟದ ಕೆಳಗಿನ ನೃತ್ಯಶಾಲೆಯೇ ಈ ಹೋಟೆಲಿನ ಜೀವಾಳ ಎಂಬುದು ನನ್ನ ಅಭಿಪ್ರಾಯ.

ಇದನ್ನು ಕಟ್ಟಿಸಿದವರು ಸಿಡ್ನಿಯ ದೊಡ್ಡ ಬಟ್ಟೆಬರೆ ಮಳಿಗೆಯ ಒಡೆಯ ಮಾರ್ಕ್ ಫಾಯ್. ಅಲ್ಲಿ ಮೊದಲೇ ಇದ್ದ ಬೆಲ್‌ಗ್ರೇವಿಯಾ ಹೋಟೆಲನ್ನೂ ಸುತ್ತಲ ಜಮೀನನ್ನೂ ಕೊಂಡು, 1904ರ ಜುಲೈ 4ರಂದು ಅವರು ಜಲಚಿಕಿತ್ಸೆಯ ಆರೋಗ್ಯಧಾಮವೊಂದನ್ನು ತೆರೆದರು. ಊರಿನ ಹೆಸರಿಗೆ ‘ಬಾತ್’ ಸೇರಿದ್ದೂ ಆ ಚಿಕಿತ್ಸೆಯಿಂದಲೇ. ಸ್ವಿಟ್ಜರ್ಲೆಂಡಿನಿಂದ ವೈದ್ಯರು ಬಂದರು. ಬಗೆಬಗೆಯ ಸ್ನಾನ, ಕಟ್ಟುನಿಟ್ಟಿನ ಪಥ್ಯ ಆರಂಭವಾದವು. ಕೆಳಗಿನ ಕಣಿವೆಯಲ್ಲಿದ್ದ ಫಾಯ್ ಅವರ ತೋಟದಿಂದ ಅಡುಗೆಮನೆಗೆ ಬೇಕಾದ ಪದಾರ್ಥಗಳು ತಂತಿಹಗ್ಗಕ್ಕೆ ತೂಗುಬಿದ್ದು, ಕಡಿದಾದ ಬಂಡೆಯ ಪಕ್ಕದಲ್ಲೇ ಮೇಲೇರಿ ಬರುತ್ತಿದ್ದವು. ಕಣಿವೆಯ ಆ ಆಳವನ್ನು ನೆನೆದರೆ ಈ ಏರ್ಪಾಡು ಎಷ್ಟು ದಿಟ್ಟವಾದದ್ದೆಂದು ತಿಳಿಯುತ್ತದೆ.

ಇನ್ನು ಗುಮ್ಮಟದ ವಿಚಾರ. ಅದರ ಬಿಡಿಭಾಗಗಳು ಅಮೆರಿಕದ ಶಿಕಾಗೋದಲ್ಲಿ ತಯಾರಾಗಿ, ಹಡಗೇರಿ ಸಾಗರ ದಾಟಿ ಬಂದು, ಈ ಬೆಟ್ಟದ ನೆತ್ತಿಯ ಮೇಲೆ ಜೋಡಣೆಗೊಂಡವು. ಅದರ ಕೆಳಗಿನ ಸಭಾಂಗಣಕ್ಕೆ ‘ಕ್ಯಾಸಿನೊ’ ಎಂದು ಹೆಸರಿಟ್ಟರು. ಇಂದು ಆ ಪದ ಕೇಳಿದೊಡನೆ ಜೂಜು ನೆನಪಾಗುತ್ತದೆ. ಆ ಕಾಲದ ಬಳಕೆಯಲ್ಲಿ ಅದಕ್ಕೆ ಸಂಗೀತ, ನೃತ್ಯ, ವಿನೋದಗಳ ಮನೆ ಎಂಬ ಅರ್ಥವಿತ್ತು. ಹಗಲೆಲ್ಲ ಪಥ್ಯ ಹಿಡಿದು ಬೇಸತ್ತವರಿಗೆ ಸಂಜೆ ಬಾಗಿಲು ತೆರೆಯುತ್ತಿದ್ದ ಈ ಶಾಲೆ ಎಷ್ಟು ಹಿತವಾಗಿದ್ದಿರಬೇಕು! ಕೆಲವೇ ವರ್ಷಗಳಲ್ಲಿ ಜಲಚಿಕಿತ್ಸೆ ಹಿಂದೆ ಸರಿಯಿತು, ವಿಹಾರಕ್ಕೆ ಬರುವವರ ಹೋಟೆಲಾಗಿ ಹೈಡ್ರೋ ಮೆಜೆಸ್ಟಿಕ್ ಹೆಸರಾಯಿತು. ಸ್ನಾನದ ನೀರು ಕರೆತಂದ ಜನರನ್ನು ಹಿಡಿದು ನಿಲ್ಲಿಸಿದ್ದು ವಾದ್ಯವೃಂದ ಮತ್ತು ಕುಣಿತ.

ಆಸ್ಟ್ರೇಲಿಯಾದ ಮೊದಲ ಪ್ರಧಾನಿ ಎಡ್ಮಂಡ್ ಬಾರ್ಟನ್ ಅವರು 1920ರ ಜನವರಿಯಲ್ಲಿ ಕೊನೆಯುಸಿರೆಳೆದದ್ದು ಇದೇ ಹೋಟೆಲಿನಲ್ಲಿ. 1922ರಲ್ಲಿ ಬೆಂಕಿ ಬಿದ್ದು ಕಟ್ಟಡದ ಒಂದು ಭಾಗ ನಾಶವಾಯಿತು, ಗುಮ್ಮಟ ಉಳಿಯಿತು. ಎರಡನೆಯ ಮಹಾಯುದ್ಧ ಬಂದಾಗ, 1942ರಲ್ಲಿ ಅಮೆರಿಕದ ಸೇನೆ ಹೋಟೆಲನ್ನು ಆಸ್ಪತ್ರೆಯಾಗಿ ಬಳಸಿಕೊಂಡಿತು. ಆರೋಗ್ಯ ಅರಸಿ ಸಿರಿವಂತರು ಬರುತ್ತಿದ್ದ ಕೋಣೆಗಳಲ್ಲಿ ಗಾಯಾಳು ಯೋಧರು ಮಲಗಿದ್ದ ಆ ತಿಂಗಳುಗಳು, ಈ ಕಟ್ಟಡ ತನ್ನ ಮೊದಲ ಉದ್ದೇಶಕ್ಕೆ ಅತ್ಯಂತ ಸಮೀಪ ಬಂದಿದ್ದ ಕಾಲವೆಂದು ನನಗೆ ತೋರುತ್ತದೆ.

ಬಹುಕಾಲದ ದುಃಸ್ಥಿತಿಯ ಬಳಿಕ 2008ರಲ್ಲಿ ಹೋಟೆಲು ಮುಚ್ಚಿತು. ಕೋಟ್ಯಂತರ ಡಾಲರುಗಳ ಜೀರ್ಣೋದ್ಧಾರ ಮುಗಿಸಿ 2014ರಲ್ಲಿ ಮತ್ತೆ ಬಾಗಿಲು ತೆರೆಯಿತು. ಶಿಕಾಗೋದಿಂದ ಬಂದ ಗುಮ್ಮಟದ ಅಡಿಯಲ್ಲಿ ಈಗ ಮದುವೆಯ ಔತಣಗಳು ನಡೆಯುತ್ತವೆ. ಊಟ ಮುಗಿದ ಮೇಲೆ ಮೇಜುಗಳನ್ನು ಬದಿಗೆ ಸರಿಸಿ ಜನ ಕುಣಿಯುತ್ತಾರೆ.